ಒಂದು ಮಿಲಿಮೀಟರ್ ಮಣ್ಣು: ನೆಲ ತನ್ನ ಕಸುವು ಕಳೆದುಕೊಳ್ಳುವ ಬಗೆ

ಒಂದು ಹೆಕ್ಟೇರ್ ಹೊಲದ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಮಳೆಗೆ ಕೊಚ್ಚಿಹೋಯಿತು ಎಂದುಕೊಳ್ಳೋಣ. ಮರುದಿನ ಹೊಲಕ್ಕೆ ಬಂದವರ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನೇಗಿಲ ಸಾಲುಗಳು ಹಾಗೆಯೇ ಇರುತ್ತವೆ, ಪೈರೂ ನಿಂತಿರುತ್ತದೆ. ಆದರೆ ಲೆಕ್ಕ ಹಾಕಿದರೆ ಹೀಗೆ ಹೋದದ್ದು ಹತ್ತು ಘನ ಮೀಟರ್, ಅಂದರೆ ಸುಮಾರು 12ರಿಂದ 13 ಟನ್ ಮಣ್ಣು. ವರ್ಷಕ್ಕೆ ಇಷ್ಟೇ ಹೋಗುತ್ತಿದ್ದರೆ ಒಬ್ಬ ರೈತನ ದುಡಿಮೆಯ ನಲವತ್ತು ವರ್ಷಗಳಲ್ಲಿ ನಾಲ್ಕು ಸೆಂಟಿಮೀಟರ್ ಮೇಲ್ಮಣ್ಣು ಕಳೆದುಹೋಗಿರುತ್ತದೆ. ಬಂಡೆ ಶಿಥಿಲವಾಗಿ ಅಷ್ಟೇ ದಪ್ಪದ ಹೊಸ ಮಣ್ಣು ಹುಟ್ಟಲು ನೂರಾರು ವರ್ಷಗಳಿಂದ ಹಿಡಿದು ಸಾವಿರಾರು ವರ್ಷಗಳವರೆಗೆ ಬೇಕಾಗುತ್ತದೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿ (ಐಪಿಸಿಸಿ) 2019ರಲ್ಲಿ ನೆಲದ ಬಗ್ಗೆ ಪ್ರಕಟಿಸಿದ ವಿಶೇಷ ವರದಿಯ ಅಂದಾಜಿನಂತೆ, ಉಳುಮೆಯಿಲ್ಲದ ಬೇಸಾಯದ ಹೊಲಗಳಲ್ಲಿಯೂ ಮಣ್ಣು ಹುಟ್ಟುವ ವೇಗಕ್ಕಿಂತ 10ರಿಂದ 20 ಪಟ್ಟು ವೇಗದಲ್ಲಿ ಸವೆಯುತ್ತಿದೆ. ರೂಢಿಯ ಉಳುಮೆಯಿರುವ ಹೊಲಗಳಲ್ಲಿ ಈ ಅಂತರ 100 ಪಟ್ಟನ್ನೂ ಮೀರುತ್ತದೆ.

ಭೂ ಅವನತಿ ಎಂಬ ದೊಡ್ಡ ವಿಷಯವನ್ನು ಈ ಚಿಕ್ಕ ಲೆಕ್ಕದಿಂದ ಆರಂಭಿಸುವುದಕ್ಕೆ ಕಾರಣವಿದೆ. ಪ್ರವಾಹ, ಭೂಕಂಪಗಳಂತೆ ಅದು ಒಂದು ದಿನದಲ್ಲಿ ನಡೆಯುವ ಘಟನೆಯಲ್ಲ. ಕಣ್ಣಿಗೆ ಕಾಣುವ ಹೊತ್ತಿಗೆ ಅದು ಬಹುಪಾಲು ನಡೆದುಹೋಗಿರುತ್ತದೆ, ಮತ್ತು ಅಲ್ಲಿಯವರೆಗೆ ಅದನ್ನು ಮರೆಮಾಡಲು ಬೇಕಾದ ಸಾಧನಗಳೆಲ್ಲ ನಮ್ಮ ಕೈಯಲ್ಲಿರುತ್ತವೆ. ಈ ಮರೆಯನ್ನು ಅರ್ಥಮಾಡಿಕೊಳ್ಳದೆ ಹೋದರೆ ಉಳಿದ ಅಂಕಿಅಂಶಗಳೆಲ್ಲ ಎದೆಗೆ ತಟ್ಟದೆ ಜಾರಿಹೋಗುತ್ತವೆ.

ಭೂ ಅವನತಿ ಎಂದರೆ ಮಣ್ಣು ಕೊಚ್ಚಿಹೋಗುವುದು ಮಾತ್ರವಲ್ಲ. ನೆಲವೊಂದು ಬೆಳೆಯನ್ನು, ಹುಲ್ಲನ್ನು, ಮರವನ್ನು ಪೋಷಿಸುವ, ಮಳೆನೀರನ್ನು ಹಿಡಿದಿಡುವ, ಸತ್ತದ್ದನ್ನು ಕೊಳೆಸಿ ಮತ್ತೆ ಜೀವಕ್ಕೆ ಒದಗಿಸುವ ತನ್ನ ಸಾಮರ್ಥ್ಯವನ್ನು ದೀರ್ಘಕಾಲಕ್ಕೆ ಕಳೆದುಕೊಳ್ಳುವುದೇ ಅವನತಿ. ಒಂದು ವರ್ಷದ ಬರಗಾಲದಿಂದ ಹುಲ್ಲು ಒಣಗಿ, ಮುಂದಿನ ಮಳೆಗೆ ಮತ್ತೆ ಚಿಗುರಿದರೆ ಅದು ಅವನತಿಯಲ್ಲ; ಮಳೆ ಬಂದರೂ ಚಿಗುರದಿದ್ದರೆ ಅದು ಅವನತಿ. ಜಗತ್ತಿನ ಎಷ್ಟು ನೆಲ ಹೀಗೆ ಕೆಟ್ಟಿದೆ ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಸಿಗುವುದಕ್ಕೂ ಈ ವ್ಯಾಖ್ಯೆಯೇ ಕಾರಣ. ಐಪಿಸಿಸಿಯ ಅದೇ ವರದಿ ಹಿಮವಿಲ್ಲದ ನೆಲದ ಸುಮಾರು ಕಾಲುಭಾಗ ಮಾನವನಿಂದ ಅವನತಿಗೊಳಗಾಗಿದೆ ಎಂದರೆ, ಮರುಭೂಮೀಕರಣವನ್ನು ತಡೆಯಲು ಇರುವ ವಿಶ್ವಸಂಸ್ಥೆಯ ಒಪ್ಪಂದದ ಕಚೇರಿ 2022ರಲ್ಲಿ ಈ ಪ್ರಮಾಣ ಶೇಕಡಾ 40ರವರೆಗೆ ಇರಬಹುದು ಎಂದಿತು. ಕಾಡು ಕಡಿದು ಹೊಲ ಮಾಡಿದ ನೆಲವನ್ನು ಅವನತಿಯೆಂದು ಎಣಿಸಬೇಕೇ, ಬೆಳೆ ಚೆನ್ನಾಗಿ ಬರುತ್ತಿದ್ದರೂ ಜೀವವೈವಿಧ್ಯ ನಶಿಸಿದ ನೆಲವನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬ ತೀರ್ಮಾನಗಳಿಗೆ ತಕ್ಕಂತೆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಒಂದು ಸಂಖ್ಯೆಯನ್ನು ಹಿಡಿದು ವಾದಿಸುವುದಕ್ಕಿಂತ ನೆಲ ಹೇಗೆ ಕೆಡುತ್ತದೆ ಎಂಬುದನ್ನು ಅರಿಯುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಮಣ್ಣಿನ ಹದ

ಒಳ್ಳೆಯ ಸ್ಥಿತಿಯಲ್ಲಿರುವ ಮೇಲ್ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಸ್ವಲ್ಪ ಭಾಗ ನೀರೂ ಸ್ವಲ್ಪ ಭಾಗ ಗಾಳಿಯೂ ತುಂಬಿರುತ್ತವೆ. ಗಟ್ಟಿ ಪದಾರ್ಥದಲ್ಲಿ ಮರಳು, ಗೋಡು, ಜೇಡಿ ಎಂಬ ಖನಿಜ ಕಣಗಳದ್ದೇ ಸಿಂಹಪಾಲು, ಸಾವಯವ ಅಂಶ ಕೆಲವೇ ಶೇಕಡಾ. ಆದರೆ ಆ ಕೆಲವೇ ಶೇಕಡಾ ಅಂಶವೇ ಮಣ್ಣನ್ನು ಪುಡಿಯಿಂದ ಮಣ್ಣಾಗಿಸುತ್ತದೆ. ಕೊಳೆತ ಎಲೆ ಬೇರುಗಳ ಅವಶೇಷ, ಬೇರುಗಳು ಸ್ರವಿಸುವ ಅಂಟು, ಶಿಲೀಂಧ್ರಗಳ ನೂಲಿನಂಥ ಎಳೆಗಳು, ಎರೆಹುಳುಗಳ ಹಿಕ್ಕೆ ಇವೆಲ್ಲ ಸೇರಿ ಬಿಡಿ ಕಣಗಳನ್ನು ಸಣ್ಣ ಸಣ್ಣ ಗುಚ್ಛಗಳಾಗಿ ಹೆಣೆಯುತ್ತವೆ. ಗುಚ್ಛಗಳ ನಡುವಿನ ದೊಡ್ಡ ರಂಧ್ರಗಳಲ್ಲಿ ಮಳೆನೀರು ಇಳಿಯುತ್ತದೆ, ಗುಚ್ಛಗಳೊಳಗಿನ ಸೂಕ್ಷ್ಮ ರಂಧ್ರಗಳಲ್ಲಿ ಅದು ಬೇರುಗಳಿಗಾಗಿ ಉಳಿಯುತ್ತದೆ. ರೈತರು ಹದವಾದ ಮಣ್ಣು ಎನ್ನುವಾಗ ಬೆರಳುಗಳಿಂದ ಗುರುತಿಸುತ್ತಿರುವುದು ಈ ಹೆಣಿಗೆಯನ್ನೇ.

ಹೊಸ ನೆಲವನ್ನು ಉಳುಮೆಗೆ ತಂದಾಗ ಮೊದಲು ಕರಗುವುದು ಈ ಸಾವಯವ ಅಂಶ. ಉಳುಮೆ ಮಣ್ಣನ್ನು ಗಾಳಿಗೆ ಒಡ್ಡುತ್ತದೆ. ಸೂಕ್ಷ್ಮಜೀವಿಗಳು ಅಲ್ಲಿಯವರೆಗೆ ಅಡಗಿದ್ದ ಆಹಾರವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಕಾಳು ಮಾತ್ರವಲ್ಲದೆ ಕೂಳೆ, ಕಸಕಡ್ಡಿಯೂ ಹೊಲದಿಂದ ಹೊರಹೋಗುವುದರಿಂದ ಕಳೆದದ್ದು ತುಂಬುವುದಿಲ್ಲ. ಕೆಲವೇ ದಶಕಗಳಲ್ಲಿ ಮೇಲ್ಮಣ್ಣಿನ ಸಾವಯವ ಇಂಗಾಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಳೆದುಹೋದ ಉದಾಹರಣೆಗಳು ಹಲವು ಖಂಡಗಳಲ್ಲಿ ದಾಖಲಾಗಿವೆ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಇಂಗಾಲವಿದೆ, ವಾತಾವರಣ ಮತ್ತು ಸಸ್ಯರಾಶಿ ಎರಡರಲ್ಲಿರುವುದನ್ನು ಕೂಡಿಸಿದರೂ ಅದಕ್ಕೆ ಸಮನಾಗುವುದಿಲ್ಲ. ಹೊಲದ ಹದ ಕೆಡುವುದು ಮತ್ತು ಭೂಮಿಯ ತಾಪ ಏರುವುದು ಹೀಗೆ ಒಂದೇ ದಾರದಲ್ಲಿ ಕಟ್ಟಿಕೊಂಡಿವೆ.

ಈ ವ್ಯವಹಾರ ಎಷ್ಟು ನಿಧಾನದ್ದು ಎಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ಹೊಲ ಸಾಕ್ಷಿ. ಅಲ್ಲಿ 1843ರಿಂದ ಇಂದಿನವರೆಗೆ ಗೋಧಿಯ ಮೇಲೆ ಒಂದೇ ಪ್ರಯೋಗ ನಡೆಯುತ್ತಿದೆ. ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಪಡೆದ ತಾಕಿನ ಮಣ್ಣಿನಲ್ಲಿ ಏನೂ ಗೊಬ್ಬರ ಪಡೆಯದ ತಾಕಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾವಯವ ಇಂಗಾಲ ಕೂಡಿದೆ. ಆದರೆ ಆ ಏರಿಕೆಗೆ ಹಲವು ತಲೆಮಾರುಗಳು ಬೇಕಾದವು.

ಒಂದು ಮಳೆಹನಿ ಮಾಡುವ ಕೆಲಸ

ಮಣ್ಣಿನ ಸವೆತವೆಂದರೆ ಹರಿಯುವ ನೀರಿನ ಕೆಲಸ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ನೀರು ಹರಿಯುವುದಕ್ಕೂ ಮೊದಲೇ ಆರಂಭವಾಗುತ್ತದೆ. ಬಿರುಮಳೆಯ ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ಬರಿಯ ಮಣ್ಣಿಗೆ ಅಪ್ಪಳಿಸಿದಾಗ ಅಲ್ಲಿನ ಗುಚ್ಛಗಳು ಒಡೆದು ಕಣಗಳು ಸುತ್ತಲೂ ಸಿಡಿಯುತ್ತವೆ. ಹೀಗೆ ಬಿಡಿಯಾದ ನವಿರಾದ ಕಣಗಳು ಮಣ್ಣಿನ ರಂಧ್ರಗಳಿಗೆ ಇಳಿದು ಅವನ್ನು ಮುಚ್ಚಿಬಿಡುತ್ತವೆ, ಮತ್ತು ಮಳೆ ನಿಂತು ಒಣಗಿದಾಗ ಅದೇ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆಯ ನೀರಿಗೆ ಒಳಗಿಳಿಯಲು ದಾರಿಯಿಲ್ಲದೆ ಅದು ಇಳಿಜಾರಿನತ್ತ ಹೊರಡುತ್ತದೆ. ಮೊದಲು ತೆಳುವಾದ ಹಾಳೆಯಂತೆ, ಬಳಿಕ ಬೆರಳಗಲದ ಸಾಲುಗಳಾಗಿ, ಕೊನೆಗೆ ಮನುಷ್ಯನೇ ಇಳಿದು ನಿಲ್ಲುವಷ್ಟು ಆಳದ ಕೊರಕಲುಗಳಾಗಿ ಅದು ನೆಲವನ್ನು ಕಡಿಯುತ್ತದೆ. ಮಡಗಾಸ್ಕರಿನ ಕೆಂಪು ಗುಡ್ಡಗಳಲ್ಲಿ ಬಾಯ್ತೆರೆದ ಗಾಯಗಳಂತೆ ಕಾಣುವ ಲವಾಕಾಗಳೂ ಚಂಬಲ್ ನದಿಯ ಇಕ್ಕೆಲದ ಕಂದರಗಳೂ ಈ ಕೊರೆತದ ದೊಡ್ಡ ರೂಪಗಳು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ನೆಲಕ್ಕೆ ಹೊದಿಕೆಯಿದೆಯೇ ಇಲ್ಲವೇ ಎಂಬುದು ಉಳಿದೆಲ್ಲಕ್ಕಿಂತ ಮುಖ್ಯ. ಮಳೆಯ ಬಿರುಸು, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಅದರ ಕಡಿದಾದ ಮಟ್ಟ ಇವನ್ನು ನಾವು ಅಷ್ಟಾಗಿ ಬದಲಿಸಲಾರೆವು, ಆದರೆ ಹನಿಗೂ ಮಣ್ಣಿಗೂ ನಡುವೆ ಒಂದು ಎಲೆಯನ್ನೋ ಒಂದು ಹಿಡಿ ಕೂಳೆಯನ್ನೋ ಇಡಬಲ್ಲೆವು. ಎರಡನೆಯದು, ಸವೆತ ಎಲ್ಲ ಕಣಗಳನ್ನೂ ಸಮನಾಗಿ ಒಯ್ಯುವುದಿಲ್ಲ. ಹಗುರವಾದ ಸಾವಯವ ಅಂಶ ಮತ್ತು ನವಿರಾದ ಜೇಡಿ ಮೊದಲು ಹೊರಡುತ್ತವೆ, ಬೆಳೆಗೆ ಬೇಕಾದ ರಂಜಕ, ಪೊಟ್ಯಾಷ್ ಮುಂತಾದ ಪೋಷಕಗಳು ಅಂಟಿಕೊಂಡಿರುವುದು ಇವಕ್ಕೇ. ಉಳಿಯುವುದು ಉರುಟು ಮರಳು. ಆದ್ದರಿಂದ ಕಳೆದುಹೋದ ಒಂದು ಟನ್ ಮಣ್ಣು ಹೊಲದಲ್ಲಿ ಉಳಿದ ಒಂದು ಟನ್ ಮಣ್ಣಿಗಿಂತ ಯಾವಾಗಲೂ ಹೆಚ್ಚು ಬೆಲೆಯುಳ್ಳದ್ದು.

ಗಾಳಿಯ ಸವೆತಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಅಮೆರಿಕದ ಮಹಾ ಬಯಲುಗಳಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂದಾಗ, ಸಾವಿರಾರು ವರ್ಷಗಳಿಂದ ಮಣ್ಣನ್ನು ಹಿಡಿದಿದ್ದ ಗಿಡ್ಡ ಹುಲ್ಲಿನ ಹಾಸನ್ನು ಟ್ರ್ಯಾಕ್ಟರುಗಳು ಮಗುಚಿಹಾಕಿದವು. ಬೆಲೆ ಕುಸಿದಾಗ ನಷ್ಟ ತುಂಬಿಕೊಳ್ಳಲು ಇನ್ನಷ್ಟು ನೆಲವನ್ನು ಉಳಲಾಯಿತು. 1930ರ ದಶಕದ ಆರಂಭದಲ್ಲಿ ಬರ ಬಂದಾಗ ಬೆಳೆ ಬಾರದ ಬರಿಯ ಹೊಲಗಳು ಗಾಳಿಗೆ ಎದ್ದವು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಗೋಡೆ ಹಗಲನ್ನು ಕತ್ತಲಾಗಿಸಿ ಕಪ್ಪು ಭಾನುವಾರ ಎಂಬ ಹೆಸರು ಪಡೆಯಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಸಂಸತ್ತು ಮಣ್ಣು ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿ, ಅದರಡಿ ಸ್ಥಾಪನೆಯಾದ ಸೇವೆಗೆ ಹ್ಯೂ ಹ್ಯಾಮಂಡ್ ಬೆನೆಟ್ ಮುಖ್ಯಸ್ಥರಾದರು. 1940ರ ಹೊತ್ತಿಗೆ ಆ ಬಯಲು ರಾಜ್ಯಗಳನ್ನು ಬಿಟ್ಟುಹೋದವರ ಸಂಖ್ಯೆ ಸುಮಾರು 25 ಲಕ್ಷ. ಇದಕ್ಕಿಂತ ಹೆಚ್ಚು ಚಿಂತೆಗೀಡುಮಾಡುವ ಸಂಗತಿಯನ್ನು ಅರ್ಥಶಾಸ್ತ್ರಜ್ಞರು ಬಳಿಕ ಲೆಕ್ಕ ಹಾಕಿ ತೋರಿಸಿದರು: ಹೆಚ್ಚು ಸವೆದ ಜಿಲ್ಲೆಗಳ ಭೂಮಿಯ ಬೆಲೆ ಕಡಿಮೆ ಸವೆದ ಜಿಲ್ಲೆಗಳಿಗೆ ಹೋಲಿಸಿದರೆ ಕುಸಿದದ್ದು, ದಶಕಗಳು ಕಳೆದರೂ ಬಹುಪಾಲು ಹಾಗೆಯೇ ಉಳಿಯಿತು. ಮಳೆ ಮರಳಿತು, ಮಣ್ಣು ಮರಳಲಿಲ್ಲ.

ನೀರು ಹೊತ್ತು ತರುವ ಉಪ್ಪು

ಸವೆತಕ್ಕೆ ಕಾರಣ ನೀರಿನ ಓಟವಾದರೆ, ನೆಲ ಸವುಳಾಗುವುದಕ್ಕೆ ಕಾರಣ ನೀರು ನಿಲ್ಲುವುದು. ನದಿಯ ನೀರು ಎಷ್ಟೇ ಸಿಹಿಯೆನಿಸಿದರೂ ಅದರಲ್ಲಿ ಕರಗಿದ ಲವಣಗಳಿರುತ್ತವೆ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರನ್ನು, ಇದು ನೀರಾವರಿಗೆ ಯೋಗ್ಯವಾದ ನೀರೇ, ಒಂದು ಹೆಕ್ಟೇರಿಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದರೆ ಹೊಲಕ್ಕೆ ಐದು ಟನ್ ಉಪ್ಪು ಸೇರುತ್ತದೆ. ಪೈರು ನೀರನ್ನು ಹೀರಿಕೊಳ್ಳುತ್ತದೆ, ಬಿಸಿಲು ಅದನ್ನು ಆವಿಯಾಗಿಸುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಮಳೆಯೋ ಹೆಚ್ಚುವರಿ ನೀರೋ ಅದನ್ನು ಬೇರುಗಳ ಕೆಳಗೆ ತೊಳೆದು, ಬಸಿಗಾಲುವೆಯೊಂದು ಅದನ್ನು ಹೊಲದಿಂದಾಚೆ ಒಯ್ದರೆ ತೊಂದರೆಯಿಲ್ಲ. ಆದರೆ ನೀರು ತರುವ ಕಾಲುವೆಗೆ ಹಣ ಹಾಕಿ ನೀರು ಒಯ್ಯುವ ಬಸಿಗಾಲುವೆಯನ್ನು ಮುಂದಕ್ಕೆ ಹಾಕುವುದು ನೀರಾವರಿ ಯೋಜನೆಗಳ ಹಳೆಯ ರೋಗ. ಇಂಗಿದ ನೀರಿನಿಂದ ಅಂತರ್ಜಲ ಮೇಲೇರುತ್ತಾ ಬಂದು ನೆಲದ ಮೇಲ್ಮೈಗೆ ಒಂದೆರಡು ಮೀಟರ್ ಸಮೀಪಿಸಿದಾಗ, ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ಮಣ್ಣು ಆ ಉಪ್ಪುನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಆಮೇಲೆ ಹೊಲದ ಮೇಲೆ ಬಿಳಿಯ ಪದರ ಕಾಣಿಸಿಕೊಳ್ಳುತ್ತದೆ, ಬೇರಿನ ಸುತ್ತ ನೀರಿದ್ದರೂ ಗಿಡ ಅದನ್ನು ಹೀರಲಾರದೆ ಬಾಡುತ್ತದೆ.

ಲವಣಗಳಲ್ಲಿ ಸೋಡಿಯಂ ಮೇಲುಗೈ ಪಡೆದರೆ ಕೇಡು ಇನ್ನೂ ಆಳಕ್ಕಿಳಿಯುತ್ತದೆ. ಸೋಡಿಯಂ ಜೇಡಿಯ ಕಣಗಳನ್ನು ಪರಸ್ಪರ ದೂಡುವಂತೆ ಮಾಡಿ ಗುಚ್ಛಗಳನ್ನು ಬಿಡಿಸಿಹಾಕುವುದರಿಂದ ಮಣ್ಣು ನೆನೆದಾಗ ಅಂಟು ಕೆಸರಾಗಿಯೂ ಒಣಗಿದಾಗ ಇಟ್ಟಿಗೆಯಂತೆಯೂ ಆಗುತ್ತದೆ. ಇಂಥ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಿ ಕ್ಯಾಲ್ಸಿಯಂನಿಂದ ಸೋಡಿಯಂ ಅನ್ನು ಹೊರದೂಡಿ, ಒಳ್ಳೆಯ ನೀರಿನಿಂದ ತೊಳೆದು, ಆ ನೀರನ್ನು ಬಸಿದು ಹಾಕಬೇಕು. ಬಸಿಯಲು ದಾರಿಯಿಲ್ಲದ ಕಡೆ ಜಿಪ್ಸಂ ಒಂದರಿಂದಲೇ ಏನೂ ಆಗದು.

ಇದು ನಾಗರಿಕತೆಯಷ್ಟೇ ಹಳೆಯ ಸಮಸ್ಯೆ. ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಒಮ್ಮೆ ಗೋಧಿ ಮತ್ತು ಜವೆಗೋಧಿ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತಿದ್ದವೆಂದೂ, ಉಪ್ಪನ್ನು ಹೆಚ್ಚು ತಾಳಿಕೊಳ್ಳುವ ಜವೆಗೋಧಿ ಕ್ರಮೇಣ ಗೋಧಿಯ ಜಾಗವನ್ನು ಪೂರ್ತಿಯಾಗಿ ಆಕ್ರಮಿಸಿತೆಂದೂ ಥಾರ್ಕಿಲ್ಡ್ ಜೇಕಬ್ಸನ್ ಮತ್ತು ರಾಬರ್ಟ್ ಆಡಮ್ಸ್ 1958ರಲ್ಲಿ ಜೇಡಿಫಲಕಗಳ ಲೆಕ್ಕಪತ್ರಗಳನ್ನಾಧರಿಸಿ ವಾದಿಸಿದರು. ಅವರ ಓದನ್ನು ನಂತರದ ವಿದ್ವಾಂಸರಲ್ಲಿ ಕೆಲವರು ಪ್ರಶ್ನಿಸಿದ್ದಾರೆ, ಆದರೆ ಸುಮೇರಿಯದ ಹೊಲಗಳಲ್ಲಿ ಉಪ್ಪಿನ ಕಾಟವಿತ್ತು ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಕಾಲದ ಉದಾಹರಣೆ ಆರಲ್ ಸಮುದ್ರ. 1960ರ ದಶಕದಿಂದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ಹತ್ತಿಯ ಹೊಲಗಳತ್ತ ತಿರುಗಿಸಿದ ಮೇಲೆ, ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರವಿದ್ದ ಆ ಜಲರಾಶಿ ತನ್ನ ಬಹುಭಾಗವನ್ನು ಕಳೆದುಕೊಂಡಿತು. ಒಣಗಿದ ತಳದಿಂದ ಉಪ್ಪು ಮತ್ತು ಕೀಟನಾಶಕದ ಉಳಿಕೆ ಬೆರೆತ ಧೂಳು ಎದ್ದು ಸುತ್ತಲಿನ ಹೊಲಗಳ ಮೇಲೂ ಜನರ ಉಸಿರಿನಲ್ಲೂ ಸೇರಿತು. ಹೊಲಕ್ಕಾಗಿ ಕೆರೆಯನ್ನು ಬತ್ತಿಸಿದರೆ, ಬತ್ತಿದ ಕೆರೆ ಉಪ್ಪಾಗಿ ಹೊಲಕ್ಕೇ ಬಂದು ಬಿದ್ದಂತಾಯಿತು. ನೀರಾವರಿಯೇ ಇಲ್ಲದ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಪ್ರದೇಶದಲ್ಲಿಯೂ ನೆಲ ಸವುಳಾಯಿತು: ಆಳದ ಬೇರಿನ ಮರಗಳನ್ನು ಕಡಿದು ಕಿರುಬೇರಿನ ವಾರ್ಷಿಕ ಬೆಳೆ ಹಾಕಿದಾಗ, ಕುಡಿಯುವವರಿಲ್ಲದ ಮಳೆನೀರು ಕೆಳಗಿಳಿದು ಅಲ್ಲಿ ಯುಗಗಳಿಂದ ಮಲಗಿದ್ದ ಉಪ್ಪನ್ನು ಹೊತ್ತು ಮೇಲೆ ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ಲೆಕ್ಕದಂತೆ ಲವಣಪೀಡಿತ ನೆಲ ಜಗತ್ತಿನಲ್ಲಿ 138 ಕೋಟಿ ಹೆಕ್ಟೇರಿನಷ್ಟಿದೆ. ಇದರಲ್ಲಿ ಸಹಜವಾಗಿಯೇ ಸವುಳಾದ ನೆಲವೂ ಸೇರಿದೆ.

ಉಳಿದ ದಾರಿಗಳನ್ನು ಚುಟುಕಾಗಿ ಹೇಳಬಹುದು. ಅಮೋನಿಯಾ ರೂಪದ ಸಾರಜನಕ ಗೊಬ್ಬರವನ್ನು ಅಳತೆಮೀರಿ ಹಾಕುತ್ತಾ ಹೋದರೆ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಸುಡುತ್ತದೆ. ಭಾರದ ಯಂತ್ರಗಳು ಒದ್ದೆ ನೆಲದ ಮೇಲೆ ಓಡಾಡಿದರೆ ಉಳುಮೆಯ ಆಳದ ಕೆಳಗೆ ಬೇರೂ ನೀರೂ ದಾಟಲಾರದ ಗಟ್ಟಿ ಪದರ ಕೂರುತ್ತದೆ. ಗಣಿ ಮತ್ತು ಕಾರ್ಖಾನೆಗಳ ತ್ಯಾಜ್ಯದಿಂದ ಸೇರುವ ಕ್ಯಾಡ್ಮಿಯಂ, ಸೀಸದಂಥ ಲೋಹಗಳು ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ದೇಹಕ್ಕೆ ಸಾಗುತ್ತವೆ. ಇನ್ನು ಕಾಂಕ್ರೀಟಿನಡಿ ಹೋದ ಮಣ್ಣಿನ ವಿಷಯದಲ್ಲಿ ಹೇಳುವುದೇನೂ ಉಳಿದಿಲ್ಲ. ನಗರಗಳು ಹುಟ್ಟಿದ್ದೇ ಒಳ್ಳೆಯ ನೆಲದ ನಡುವೆಯಾದ್ದರಿಂದ ಅವು ಬೆಳೆದಂತೆಲ್ಲ ನುಂಗುವುದೂ ಒಳ್ಳೆಯ ನೆಲವನ್ನೇ.

ಇಳುವರಿಯ ಮರೆಯಲ್ಲಿ

ಇಷ್ಟೆಲ್ಲ ಕೆಡುಕು ನಡೆಯುತ್ತಿದ್ದರೂ ಜಗತ್ತಿನ ಧಾನ್ಯದ ಇಳುವರಿ ಅರ್ಧ ಶತಮಾನಕ್ಕೂ ಮೀರಿ ಏರುತ್ತಲೇ ಬಂದಿದೆಯಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕೊಡದ ಯಾವ ವಿವರಣೆಯೂ ಪ್ರಾಮಾಣಿಕವಾಗದು. ಇಳುವರಿ ಏರಿದ್ದು ಹೊಸ ತಳಿಗಳಿಂದ, ನೀರಾವರಿಯಿಂದ ಮತ್ತು ರಾಸಾಯನಿಕ ಗೊಬ್ಬರದಿಂದ. ಮಣ್ಣು ತಾನಾಗಿ ಕೊಡುತ್ತಿದ್ದ ಸಾರಜನಕವನ್ನು ಚೀಲದಿಂದ ತುಂಬಬಹುದು, ಮಣ್ಣು ಹಿಡಿದಿಡುತ್ತಿದ್ದ ನೀರನ್ನು ಪಂಪಿನಿಂದ ಒದಗಿಸಬಹುದು. ಹಾಗಾಗಿ ನೆಲ ಕೆಟ್ಟದ್ದು ಮೊದಲು ಇಳುವರಿಯಲ್ಲಿ ಕಾಣದೆ ಖರ್ಚಿನಲ್ಲಿ ಕಾಣುತ್ತದೆ: ಅದೇ ಬೆಳೆಗೆ ಹಿಂದಿಗಿಂತ ಹೆಚ್ಚು ಗೊಬ್ಬರ, ಹೆಚ್ಚು ಡೀಸೆಲ್, ಹೆಚ್ಚು ಸಲ ನೀರು. ಅದಾದ ಮೇಲೆ ಅದು ಕೆಟ್ಟ ವರ್ಷಗಳಲ್ಲಿ ಕಾಣುತ್ತದೆ. ಮಳೆ ಸಕಾಲದಲ್ಲಿ ಸುರಿದ ವರ್ಷ ಹದವಿರುವ ಹೊಲಕ್ಕೂ ಹದಗೆಟ್ಟ ಹೊಲಕ್ಕೂ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಎರಡು ಮಳೆಗಳ ನಡುವೆ ಮೂರು ವಾರ ಬಿಡುವಾದಾಗ ಒಂದು ಹೊಲದ ಪೈರು ನಿಂತಿರುತ್ತದೆ, ಇನ್ನೊಂದು ಹೊಲದ್ದು ಒಣಗುತ್ತದೆ. ಕೆಟ್ಟ ನೆಲವೆಂದರೆ ಬೆಳೆಯದ ನೆಲ ಎನ್ನುವುದಕ್ಕಿಂತ ಆಪತ್ತನ್ನು ತಾಳಿಕೊಳ್ಳಲಾರದ ನೆಲ ಎನ್ನುವುದೇ ಹೆಚ್ಚು ಸರಿ. ಹವಾಮಾನ ಏರುಪೇರಾಗುತ್ತಿರುವ ಕಾಲದಲ್ಲಿ ಈ ದೌರ್ಬಲ್ಯದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ.

ಹೊಲದಿಂದ ಹೋದ ಮಣ್ಣು ಎಲ್ಲಿಗಾದರೂ ಸೇರಲೇಬೇಕು. ಅದು ಹೂಳಾಗಿ ಜಲಾಶಯಗಳ ಆಯಸ್ಸನ್ನು ತಿನ್ನುತ್ತದೆ, ನದಿಪಾತ್ರವನ್ನು ಎತ್ತರಿಸಿ ನೆರೆಗೆ ದಾರಿ ಮಾಡುತ್ತದೆ, ಜೊತೆಗೆ ಒಯ್ದ ರಂಜಕದಿಂದ ಕೆರೆಗಳಲ್ಲಿ ಪಾಚಿ ಹೆಚ್ಚಿಸಿ ಮೀನುಗಳ ಉಸಿರು ಕಟ್ಟಿಸುತ್ತದೆ. ಮೇಲಿನ ಊರಿನವರ ಬೇಸಾಯದ ಬೆಲೆಯನ್ನು ಕೆಳಗಿನ ಊರಿನವರು ತೆರುತ್ತಾರೆ.

ಯಾರ ಹೆಗಲಿಗೆ

ಜೀವವೈವಿಧ್ಯ ಮತ್ತು ಪರಿಸರ ಸೇವೆಗಳ ಅಂತರ ಸರ್ಕಾರಿ ವೇದಿಕೆ 2018ರಲ್ಲಿ ಹೇಳಿದಂತೆ ಭೂ ಅವನತಿ ಕನಿಷ್ಠ 320 ಕೋಟಿ ಜನರ ಬದುಕನ್ನು ಬಾಧಿಸುತ್ತಿದೆ. ಆದರೆ ಆ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಬಂಡವಾಳವುಳ್ಳ ರೈತ ಗೊಬ್ಬರ ಹೆಚ್ಚಿಸಿಯೋ ಕೊಳವೆಬಾವಿ ಕೊರೆಸಿಯೋ ಕೆಲವು ದಶಕ ತಳ್ಳಬಲ್ಲ. ಅದಿಲ್ಲದವರು ಇಳಿಜಾರಿನ, ತೆಳುಮಣ್ಣಿನ ನೆಲಕ್ಕೆ ದೂಡಲ್ಪಡುತ್ತಾರೆ, ಮತ್ತು ಬೀಳು ಬಿಡಲು ಅನುಕೂಲವಿಲ್ಲದೆ ಅದೇ ನೆಲವನ್ನು ವರ್ಷವರ್ಷ ಬೆಳೆಯುತ್ತಾರೆ. ಸೌದೆ ಮುಗಿದಾಗ ಸಗಣಿಯನ್ನು ಒಲೆಗೆ ಹಾಕಬೇಕಾಗುತ್ತದೆ, ಹೊಲಕ್ಕೆ ಹೋಗಬೇಕಿದ್ದ ಗೊಬ್ಬರ ಹೊಗೆಯಾಗುತ್ತದೆ. ನೀರು ಮತ್ತು ಸೌದೆ ತರುವ ಕೆಲಸ ಹೆಂಗಸರದ್ದಾಗಿರುವ ಕಡೆಯಲ್ಲೆಲ್ಲ ನೆಲ ಬರಡಾದಂತೆ ಅವರ ನಡಿಗೆಯ ದೂರ ಬೆಳೆಯುತ್ತದೆ. ಆದರೂ ಭೂಮಿಯ ಹಕ್ಕುಪತ್ರದಲ್ಲಿ ಅವರ ಹೆಸರು ಇರುವುದು ವಿರಳ. ಊರೂರು ಅಲೆದು ಮಂದೆ ಮೇಯಿಸುವವರ ಹಳೆಯ ದಾರಿಗಳಿಗೆ ಬೇಲಿ ಬಿದ್ದಾಗ ಮಂದೆಗಳು ಉಳಿದ ಚೂರು ಹುಲ್ಲುಗಾವಲಿನಲ್ಲಿ ನಿಂತು ಅದನ್ನು ಬುಡದವರೆಗೆ ಮೇಯುತ್ತವೆ, ಮತ್ತು ಅಪವಾದ ಮಾತ್ರ ಅಲೆಮಾರಿಗಳ ಮೇಲೆ ಬರುತ್ತದೆ.

ಜನಸಂಖ್ಯೆ ಹೆಚ್ಚಾದದ್ದೇ ಇದಕ್ಕೆಲ್ಲ ಕಾರಣ ಎಂಬ ಮಾತು ಬಹಳ ಸಲೀಸಾಗಿ ಬರುತ್ತದೆ, ಅದನ್ನು ನಾನು ಒಪ್ಪಲಾರೆ. ಕೀನ್ಯಾದ ಮಚಾಕೋಸ್ ಜಿಲ್ಲೆಯನ್ನು 1930ರ ದಶಕದಲ್ಲಿ ವಸಾಹತು ಅಧಿಕಾರಿಗಳು ಹಾಳುಬಿದ್ದ ನೆಲವೆಂದು ಬರೆದಿಟ್ಟಿದ್ದರು. 1990ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚಾಗಿತ್ತು, ಸವೆತ ಮಾತ್ರ ಇಳಿದಿತ್ತು. ಇಳಿಜಾರುಗಳನ್ನು ರೈತರು ಮೆಟ್ಟಿಲು ಹೊಲಗಳಾಗಿ ಕಡಿದಿದ್ದರು, ಮರ ನೆಟ್ಟಿದ್ದರು, ಗೊಬ್ಬರಕ್ಕಾಗಿ ದನಗಳನ್ನು ಕಟ್ಟಿ ಮೇಯಿಸಿದ್ದರು. ನೈರೋಬಿಯ ಮಾರುಕಟ್ಟೆ ಹತ್ತಿರವಿತ್ತು, ಪಟ್ಟಣಕ್ಕೆ ದುಡಿಯಲು ಹೋದವರು ಕಳಿಸಿದ ಹಣವಿತ್ತು, ಎಲ್ಲಕ್ಕಿಂತ ಮಿಗಿಲಾಗಿ ನೆಲ ತಮ್ಮದೆಂಬ ನಂಬಿಕೆಯಿತ್ತು. ಎಲ್ಲ ಮನೆಗಳೂ ಅಲ್ಲಿ ಸಮನಾಗಿ ಏಳಿಗೆ ಕಾಣಲಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದೇ. ಆದರೂ ಇದರಿಂದ ತಿಳಿಯುವುದು ಮುಖ್ಯ: ಬದು ಹಾಕಿದ ಫಲ ಐದಾರು ವರ್ಷಗಳ ಮೇಲೆ ಬರುತ್ತದೆ, ಮುಂದಿನ ವರ್ಷ ಅದೇ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದ ಗೇಣಿದಾರ ಬದು ಹಾಕುವುದಿಲ್ಲ. ಅದು ಅಜ್ಞಾನವಲ್ಲ, ಅವನ ಸ್ಥಿತಿಯಲ್ಲಿ ಅದೇ ವಿವೇಕ.

ಸೆರಗು ಹಾಸುವ ಮರುಭೂಮಿ ಎಂಬ ಕಲ್ಪನೆ

1968ರಿಂದ 1973ರವರೆಗೆ ಆಫ್ರಿಕದ ಸಾಹೇಲ್ ಪ್ರದೇಶವನ್ನು ಕಾಡಿದ ಬರದ ನಂತರ, ಸಹಾರಾ ಮರುಭೂಮಿ ವರ್ಷಕ್ಕೆ ಇಷ್ಟು ಕಿಲೋಮೀಟರ್ ದಕ್ಷಿಣಕ್ಕೆ ನಡೆದುಬರುತ್ತಿದೆ ಎಂಬ ಚಿತ್ರ ಜಗತ್ತಿನ ಮನಸ್ಸಿನಲ್ಲಿ ನೆಲೆಯೂರಿತು. ನಂತರದ ಉಪಗ್ರಹ ಚಿತ್ರಗಳು ಮರುಭೂಮಿಯ ಅಂಚು ಮಳೆಗೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆಯೇ ಹೊರತು ದಂಡಿನಂತೆ ಮುನ್ನುಗ್ಗುತ್ತಿಲ್ಲ ಎಂದು ತೋರಿಸಿದವು. ನೆಲ ಕೆಡುವುದು ಮರುಭೂಮಿಯ ಅಂಚಿನಲ್ಲಿ ಅಲ್ಲ. ಊರಿನ ಸುತ್ತ, ನೀರಿನ ತಾಣಗಳ ಸುತ್ತ, ಬಡ ಹೊಲಗಳಲ್ಲಿ, ತೇಪೆ ತೇಪೆಯಾಗಿ ಅದು ಕೆಡುತ್ತದೆ. 1994ರ ಜೂನ್ 17ರಂದು ಪ್ಯಾರಿಸಿನಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಒಪ್ಪಂದವೂ ಮರುಭೂಮೀಕರಣವನ್ನು ಒಣಪ್ರದೇಶಗಳಲ್ಲಿ ಹವಾಮಾನ ಮತ್ತು ಮಾನವ ಚಟುವಟಿಕೆಗಳಿಂದಾಗುವ ಭೂ ಅವನತಿ ಎಂದೇ ವ್ಯಾಖ್ಯಾನಿಸಿತು. ಕಲ್ಪನೆ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ. ನಡೆದುಬರುವ ಶತ್ರುವಿಗೆ ಗೋಡೆ ಕಟ್ಟಬೇಕೆನಿಸುತ್ತದೆ. 2007ರಲ್ಲಿ ಆಫ್ರಿಕ ಒಕ್ಕೂಟ ಆರಂಭಿಸಿದ ಮಹಾ ಹಸಿರು ಗೋಡೆಯ ಯೋಜನೆಯೂ ಮೊದಲು ಸುಮಾರು 8,000 ಕಿಲೋಮೀಟರ್ ಉದ್ದದ ಮರಗಳ ಪಟ್ಟಿಯಾಗಿಯೇ ಹೊಳೆದದ್ದು, ಬಳಿಕ ಅದು 10 ಕೋಟಿ ಹೆಕ್ಟೇರ್ ನೆಲವನ್ನು ಊರೂರಿಗೆ ತಕ್ಕ ಬಗೆಯಲ್ಲಿ ಚೇತರಿಸುವ ಗುರಿಯಾಗಿ ಬದಲಾಯಿತು.

ಆ ಪ್ರದೇಶದಲ್ಲಿ ನಿಜವಾಗಿ ಫಲ ಕೊಟ್ಟ ಕೆಲಸಗಳು ಬಹಳ ಸರಳವಾದವು. ಬುರ್ಕಿನಾ ಫಾಸೋದ ಯಾಕೂಬಾ ಸವಾಡೋಗೋ 1980ರ ದಶಕದ ಆರಂಭದಲ್ಲಿ ಜಾಯಿ ಎಂಬ ಹಳೆಯ ಪದ್ಧತಿಯನ್ನು ಸುಧಾರಿಸಿದರು. ಹೆಪ್ಪುಗಟ್ಟಿದ ನೆಲದಲ್ಲಿ ಬೇಸಿಗೆಯಲ್ಲೇ ಮೊಳಕೈ ಆಳವನ್ನೂ ಮೀರದ ಸಣ್ಣ ಗುಣಿಗಳನ್ನು ತೋಡಿ, ಅವುಗಳೊಳಗೆ ಗೊಬ್ಬರ ಹಾಕುವುದು. ಗೊಬ್ಬರದ ವಾಸನೆಗೆ ಬಂದ ಗೆದ್ದಲುಗಳು ಗಟ್ಟಿ ಪದರವನ್ನು ಕೊರೆಯುತ್ತವೆ, ಮೊದಲ ಮಳೆಯ ನೀರು ಹರಿದುಹೋಗದೆ ಗುಣಿಯಲ್ಲಿ ನಿಂತು ಆ ರಂಧ್ರಗಳಲ್ಲಿ ಇಳಿಯುತ್ತದೆ, ಅಲ್ಲಿ ಬಿತ್ತಿದ ಕಾಳು ಮೊಳೆಯುತ್ತದೆ. ನೈಜರ್ ದೇಶದಲ್ಲಿ ಹೊಸ ಗಿಡ ನೆಡಬೇಕಾಗಿಯೂ ಬರಲಿಲ್ಲ. ಕಡಿದ ಮರಗಳ ಬುಡಗಳು ಹೊಲದಡಿ ಜೀವಂತವಾಗಿದ್ದವು; ಅವುಗಳ ಚಿಗುರನ್ನು ಸವರಿಹಾಕದೆ ಒಂದೆರಡು ಕವಲು ಉಳಿಸಿ ಬೆಳೆಸುವ ಕ್ರಮವನ್ನು ಟೋನಿ ರಿನಾಡೋ ಎಂಬ ಆಸ್ಟ್ರೇಲಿಯದ ಕೃಷಿ ತಜ್ಞರು ಪ್ರಚಾರ ಮಾಡಿದರು, ರೈತರು ಅದನ್ನು ಕೈಯಿಂದ ಕೈಗೆ ಹರಡಿದರು. ಹೀಗೆ ಹಸಿರಾದ ಹೊಲಗಳ ವಿಸ್ತಾರ ಸುಮಾರು 50 ಲಕ್ಷ ಹೆಕ್ಟೇರ್ ಎಂಬ ಅಂದಾಜಿದೆ. ಇಲ್ಲಿ ತಂತ್ರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಾನೂನಿನ ಸಡಿಲಿಕೆ: ವಸಾಹತು ಕಾಲದಿಂದ ಬಂದ ನಿಯಮದಂತೆ ಹೊಲದಲ್ಲಿನ ಮರವೂ ಸರ್ಕಾರದ್ದಾಗಿತ್ತು, ಆದ್ದರಿಂದ ರೈತನಿಗೆ ಅದನ್ನು ಬೆಳೆಸುವ ಆಸೆಯಿರಲಿಲ್ಲ. ಮರ ವಾಸ್ತವದಲ್ಲಿ ತನ್ನದಾದ ಮೇಲೆ ಅವನು ಅದನ್ನು ಕಾಯ್ದ. ಸವಾಡೋಗೋ ಮತ್ತು ರಿನಾಡೋ ಇಬ್ಬರೂ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು.

ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಸರ್ಕಾರವೇ ಮುಂದೆ ನಿಂತು ದೊಡ್ಡ ಪ್ರಮಾಣದಲ್ಲಿ ಇಂಥ ಕೆಲಸ ಮಾಡಿತು. ಸುಮಾರು 6.4 ಲಕ್ಷ ಚದರ ಕಿಲೋಮೀಟರಿನ ಆ ನವಿರು ಮಣ್ಣಿನ ನಾಡಿನಿಂದಲೇ ಹಳದಿ ನದಿಗೆ ಅದರ ಬಣ್ಣ ಮತ್ತು ಹೆಸರು ಬಂದದ್ದು. ಒಂದು ಕಾಲಕ್ಕೆ ನದಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು ಹೊರುತ್ತಿತ್ತು. ಮೆಟ್ಟಿಲು ಹೊಲಗಳು, ತಡೆ ಅಣೆಗಳು, ಇಳಿಜಾರಿನಲ್ಲಿ ಬೇಸಾಯ ಬಿಟ್ಟವರಿಗೆ 1999ರಿಂದ ಕೊಟ್ಟ ಧಾನ್ಯ ಮತ್ತು ಹಣದ ನೆರವು ಇವೆಲ್ಲದರಿಂದ ಆ ಹೊರೆ ಹಲವು ಪಟ್ಟು ಇಳಿಯಿತು. ಆದರೆ ಅಲ್ಲಿಯೂ ಒಂದು ಮಿತಿ ಎದುರಾಗಿದೆ: ನೆಟ್ಟ ಮರಗಳು ಕುಡಿಯುವ ನೀರು ಆ ಒಣನಾಡಿಗೆ ಬೀಳುವ ಮಳೆ ಕೊಡಬಲ್ಲ ಅಂಚಿಗೆ ಬಂದು ನಿಂತಿದೆ, ಹುಲ್ಲು ಸಾಕಾದ ಕಡೆ ಕಾಡನ್ನು ಬಯಸಿದ್ದು ತಪ್ಪಾಯಿತೇ ಎಂದು ವಿಜ್ಞಾನಿಗಳು ಕೇಳುತ್ತಿದ್ದಾರೆ.

ಈಗ ದೇಶಗಳು ಒಪ್ಪಿಕೊಂಡಿರುವ ಗುರಿ ಭೂ ಅವನತಿಯ ತಟಸ್ಥತೆ, ಅಂದರೆ 2030ರೊಳಗೆ ಕೆಡುವ ನೆಲದಷ್ಟೇ ನೆಲ ಚೇತರಿಸಿ ಒಟ್ಟು ನಷ್ಟ ಸೊನ್ನೆಯಾಗುವುದು. ಅದರ ಕ್ರಮವೂ ಸರಿಯಾಗಿಯೇ ಇದೆ: ಮೊದಲು ಕೆಡದಂತೆ ಕಾಯುವುದು, ಕೆಡುತ್ತಿರುವಲ್ಲಿ ವೇಗ ತಗ್ಗಿಸುವುದು, ಕಡೆಗೆ ಕೆಟ್ಟದ್ದನ್ನು ಸರಿಪಡಿಸುವುದು. ಒಂದು ಕಡೆ ಹಳೆಯ ಹುಲ್ಲುಗಾವಲನ್ನು ಕಳೆದು ಇನ್ನೊಂದು ಕಡೆ ಸಸಿ ನೆಟ್ಟು ಲೆಕ್ಕ ಸರಿದೂಗಿಸುವ ಅಪಾಯ ಇದರಲ್ಲಿ ಇದ್ದೇ ಇದೆ. ಪ್ರಗತಿಯನ್ನು ಅಳೆಯಲು ಮೂರು ಸೂಚಕಗಳನ್ನು ಬಳಸುತ್ತಾರೆ: ನೆಲದ ಹೊದಿಕೆ, ನೆಲದ ಉತ್ಪಾದಕತೆ, ಮಣ್ಣಿನ ಸಾವಯವ ಇಂಗಾಲದ ಸಂಗ್ರಹ. ಮೊದಲೆರಡನ್ನು ಉಪಗ್ರಹದಿಂದ ನೋಡಬಹುದು, ಮೂರನೆಯದಕ್ಕೆ ಯಾರಾದರೂ ಗುದ್ದಲಿ ಹಿಡಿದು ಹೊಲಕ್ಕೆ ಇಳಿಯಬೇಕು, ಮತ್ತು ಅದು ಬದಲಾಗುವುದು ರಾಥಮ್‌ಸ್ಟೆಡ್ ತೋರಿಸಿದಷ್ಟೇ ನಿಧಾನವಾಗಿ. ಆಕಾಶದಿಂದ ಕಾಣುವ ಹಸಿರು ಮೋಸಗೊಳಿಸುವುದೂ ಉಂಟು. ನಮೀಬಿಯದ ಹುಲ್ಲುಗಾವಲುಗಳಲ್ಲಿ ವಿಪರೀತ ಮೇಯಿಸುವಿಕೆ ಮತ್ತು ಕಾಳ್ಗಿಚ್ಚನ್ನು ತಡೆದದ್ದರಿಂದ ಮುಳ್ಳುಪೊದೆಗಳು ದಟ್ಟವಾಗಿ ಹಬ್ಬಿವೆ. ಉಪಗ್ರಹದ ಚಿತ್ರದಲ್ಲಿ ಆ ನೆಲ ಹಿಂದಿಗಿಂತ ಹಸಿರಾಗಿಯೇ ಕಾಣುತ್ತದೆ. ದನಗಳನ್ನು ಅಟ್ಟಿಕೊಂಡು ಬಂದವರಿಗೆ ಮಾತ್ರ ಆ ಪೊದೆಗಳ ನಡುವೆ ಮೇಯಲು ಹುಲ್ಲಿಲ್ಲ.